ಊಟಕ್ಕೆ ಮುಂಚೆ ನಾಲ್ಕು ದನಿ

ಇಸ್ತ್ರಿಯಮ್ಮನ ಮನೆಯಲ್ಲಿ ಹಾಡದೆ ಯಾರೂ ಉಂಡವರಲ್ಲ. ಬೇರೆ ಕ್ರೈಸ್ತರ ಮನೆಗಳಲ್ಲಿ ಕಣ್ಣು ಮುಚ್ಚಿ ಎರಡು ಮಾತು ಪ್ರಾರ್ಥನೆ ಮಾಡಿ ಆಮೆನ್ ಅಂದರೆ ಮುಗಿಯಿತು, ಚಮಚ ಎತ್ತಬಹುದು. ಇಲ್ಲಿ ಅಷ್ಟಕ್ಕೆಲ್ಲ ಅನ್ನ ಹುಟ್ಟುವುದಿಲ್ಲ. ರಾತ್ರಿಯ ಊಟಕ್ಕೆ ಎಲ್ಲರೂ ಕುರ್ಚಿಯ ಹಿಂದೆ ಎದ್ದು ನಿಲ್ಲಬೇಕು, ಯಜಮಾನ ಗಂಟಲಲ್ಲೇ ಶ್ರುತಿ ಕೊಡಬೇಕು, ದೇವರಿಗೆ ವಂದನೆ ಹೇಳುವ ಒಂದು ಚರಣ ನಾಲ್ಕು ದನಿಯಲ್ಲಿ ಒಟ್ಟಿಗೆ ಏಳಬೇಕು. ಮೇಲಿನ ದನಿ ಇಸ್ತ್ರಿಯಮ್ಮನದು. ಅದರ ಕೆಳಗಿನ ಎರಡನೇ ದನಿ, ಆಲ್ಟೊ, ಮಗಳು ಗುಬ್ಬಿಯದು. ಮೂರನೆಯದು ಮಗನದು. ಎಲ್ಲಕ್ಕೂ ಅಡಿಯಲ್ಲಿ ನಿಲ್ಲುವ ಬಾಸ್ ಯಜಮಾನನದು. ಅಜ್ಜಿಯ ಪಾಲಿಗೆ ಕೊನೆಯ ಆಮೆನ್ ಒಂದೇ. ಅದನ್ನು ಅವಳು ಎಲ್ಲರಿಗಿಂತ ಮುಂಚೆ ಹೇಳಿ ಕೂತುಬಿಡುತ್ತಿದ್ದಳು.

ಇಸ್ತ್ರಿಯಮ್ಮ ಅನ್ನುವುದು ಬೀದಿಯವರು ಇಟ್ಟ ಹೆಸರು. ಕಟ್ಟಡದ ಕೆಳಗಿನ ಅಂಗಡಿಯಲ್ಲಿ ಬೆಳಗಿನಿಂದ ಸಂಜೆವರೆಗೂ ಊರವರ ಅಂಗಿ, ಪ್ಯಾಂಟು, ಪರದೆಗಳಿಗೆ ಇಸ್ತ್ರಿ ಹಾಕಿ, ಆಮೇಲೆ ಮೆಟ್ಟಿಲು ಹತ್ತಿ ಬಂದು ಐದು ಜನರಿಗೆ ಅಡುಗೆ ಮಾಡುವವಳು. ಗಂಡ ಸಿಟಿ ಬಸ್ಸಿನ ಡ್ರೈವರ್. ಭಾನುವಾರ ಮಾತ್ರ ಸ್ಟೇರಿಂಗ್ ಬಿಟ್ಟು ಚರ್ಚಿನ ಹಾಡಿನ ತಂಡವಾದ ಕ್ವಾಯರ್ ಮುಂದೆ ನಿಂತು ಕೈ ಬೀಸುವವನು. ಮಗ ಮನೆಗಳಿಗೆ ಬಣ್ಣ ಹೊಡೆಯುತ್ತಿದ್ದ. ಮೈಯೆಲ್ಲ ಬಣ್ಣ, ಹೊಟ್ಟೆಗೆ ಮಾತ್ರ ಯಾವಾಗಲೂ ಬರಗಾಲ. ಗುಬ್ಬಿಯ ಕೆಲಸ ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ. ಅಜ್ಜಿಯ ಬಾಯಲ್ಲಿದ್ದ ಸೆಟ್ಟು ಕೂಡ ಅವಳ ಕೈಯದೇ.

ಆ ಬುಧವಾರ ಮೇಜಿನ ಮೇಲೆ ಹುರಿದ ಮೀನಿತ್ತು. ಡ್ರೈವರ್ ಶ್ರುತಿ ಕೊಟ್ಟ, ಹಾಡು ಎದ್ದಿತು, ಎರಡು ಸಾಲು ಹೋಗಿ ನಿಂತಿತು. ನಿಲ್ಲಿಸಿದವನು ಡ್ರೈವರೇ. ಇಂಜಿನ್ನಿನಲ್ಲಿ ಒಂದು ನಟ್ಟು ಸಡಿಲವಾದರೂ ಹಿಡಿಯುವ ಕಿವಿ ಅವನದು.

"ಆಲ್ಟೊ ಎಲ್ಲಿ?" ಅಂದ.

ಎಲ್ಲರೂ ಗುಬ್ಬಿಯ ಕಡೆ ತಿರುಗಿದರು. ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತಿದ್ದಳು.

"ಗಂಟಲು ಕಟ್ಟಿದ್ಯೇನೇ?"

"ಇಲ್ಲಪ್ಪ."

"ಮತ್ತೆ?"

"ನಾನು ಇನ್ಮೇಲೆ ಈ ಹಾಡು ಹಾಡಲ್ಲಪ್ಪ. ಚರ್ಚಿಗೂ ಬರಲ್ಲ. ಹೇಳೋಣ ಹೇಳೋಣ ಅಂತ ತುಂಬ ದಿನದಿಂದ ಅಂದ್ಕೊಂಡಿದ್ದೆ. ನಂಗೆ ನಂಬಿಕೆ ಇಲ್ಲ."

"ಇಲ್ಲ ಅಂದ್ರೆ? ಮೊನ್ನೆ ಮೊನ್ನೆವರೆಗೂ ಇತ್ತಲ್ಲ. ಎಲ್ಲಿಗೆ ಹೋಯ್ತು?" ಬಸ್ಸಿನಲ್ಲಿ ಛತ್ರಿ ಬಿಟ್ಟುಬಂದವರನ್ನು ಕೇಳುವ ಹಾಗೆ ಕೇಳಿದ ಡ್ರೈವರ್.

"ಗೊತ್ತಿಲ್ಲಪ್ಪ. ನಾನೂ ಹುಡುಕಿದೆ."

ಇಸ್ತ್ರಿಯಮ್ಮ ಮಗಳ ಮುಖವನ್ನೇ ನೋಡಿದಳು. ಮಗಳು ಕೂಗಾಡಿ ಹೇಳಿದ್ದರೆ ವಯಸ್ಸಿನ ಹುಡುಗಾಟ ಅಂದುಕೊಳ್ಳಬಹುದಿತ್ತು. ಇವಳು ಹಲ್ಲಿನ ಅಳತೆ ಹೇಳುವ ಹಾಗೆ ತಣ್ಣಗೆ ಹೇಳಿದ್ದಳು.

"ಹಾಡದೋರಿಗೆ ಈ ಮೇಜಲ್ಲಿ ತಟ್ಟೆ ಇಲ್ಲ," ಅಂದ ಡ್ರೈವರ್. "ನಮ್ಮಪ್ಪನ ಕಾಲದಿಂದ ಇದೇ ಕಾನೂನು."

"ನಿಮ್ಮಪ್ಪ ಕುಡಿದು ಬಂದ ದಿನ ಯಾವ ಹಾಡೂ ಇರ್ತಿರ್ಲಿಲ್ಲ," ಅಂದಳು ಅಜ್ಜಿ. "ಗಬಗಬ ತಿಂದು ಬಿದ್ಕೊಳ್ತಿದ್ದ."

"ಅವ್ವಾ, ನೀನು ಸುಮ್ನಿರು."

"ಅಪ್ಪ, ಹೊಟ್ಟೆ ತಾಳ ಹಾಕ್ತಾ ಇದೆ," ಅಂದ ಮಗ. "ಮತಾಂತರದ ವಿಷ್ಯ ಊಟ ಆದ್ಮೇಲೆ ಇಟ್ಕೊಳ್ಳೋಣ."

ಗುಬ್ಬಿ ಜಗಳ ಆಡಲಿಲ್ಲ. "ಸರಿ ಅಪ್ಪ" ಅಂದು ತನ್ನ ತಟ್ಟೆಗೆ ಒಂದು ತುಂಡು ಮೀನು ಹಾಕಿಕೊಂಡು ಅಡುಗೆಮನೆಗೆ ಹೋದಳು. ಒಲೆಯ ಪಕ್ಕ ನಿಂತು ತಿಂದಳು. ಮೇಜಿನ ಮುಂದೆ ಮೂರು ದನಿಯ ಹಾಡು ಕುಂಟುತ್ತಾ ಮುಗಿಯಿತು. ಇಸ್ತ್ರಿಯಮ್ಮನಿಗೆ ಆವತ್ತು ಮೀನಿನ ಮುಳ್ಳು ಯಾವುದು, ಮಾಂಸ ಯಾವುದು ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಡಬ್ಬಿ ಕಟ್ಟುತ್ತಾ ಮಗಳನ್ನು ಹಿಡಿದಳು.

"ಸುಮ್ನೆ ಬಾಯಾಡಿಸು ಗುಬ್ಬಿ. ನಿಂಗೇನು ಗಂಟು ಹೋಗುತ್ತೆ? ಮನೇಲಿ ನೆಮ್ಮದಿ ಇರುತ್ತೆ."

"ಬಾಯಾಡಿಸಿದ್ರೆ ಅಪ್ಪಂಗೆ ಗೊತ್ತಾಗುತ್ತಮ್ಮ."

"ಗೊತ್ತಾದ್ರೂ ಗೊತ್ತಿಲ್ಲದ ಹಾಗೆ ಇರ್ತಾರೆ ಬಿಡು."

"ನಂಗೆ ಗೊತ್ತಿರುತ್ತಲ್ಲ." ಗುಬ್ಬಿ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡಳು. "ನೋಡಮ್ಮ, ನಂಗೆ ಯಾರ ಮೇಲೂ ಕೋಪ ಇಲ್ಲ. ಆದ್ರೆ ಅಡುಗೆಮನೇಲಿ ನಿಂತ್ಕೊಂಡು ಎಷ್ಟು ದಿನ ಉಣ್ಣಲಿ? ಲ್ಯಾಬಿನ ಗೆಳತಿ ಮನೇಲಿ ಒಂದು ಕೋಣೆ ಖಾಲಿ ಇದೆ. ಈ ತಿಂಗಳು ನೋಡ್ತೀನಿ. ಅಪ್ಪ ಬದಲಾಗ್ಲಿಲ್ಲ ಅಂದ್ರೆ ಒಂದನೇ ತಾರೀಖು ಅಲ್ಲಿಗೆ ಹೋಗ್ತೀನಿ."

ಅಲ್ಲಿಗೆ ಇಸ್ತ್ರಿಯಮ್ಮನ ತಲೆಯ ಮೇಲೆ ತಿಂಗಳು ಪೂರ್ತಿ ಒಂದೇ ಚಿಂತೆ ಕೂತಿತು. ನರಕ ಗಿರಕ ಆಮೇಲಿನ ಮಾತು. ಮಗಳು ಪೆಟ್ಟಿಗೆ ಹಿಡಿದು ಮೆಟ್ಟಿಲು ಇಳಿಯಬಾರದು, ಅಷ್ಟೇ. ಅಂಗಡಿಯಲ್ಲಿ ಅದೇ ಯೋಚನೆಯಲ್ಲಿ ವಕೀಲರ ಬಿಳಿ ಅಂಗಿಯ ಕಾಲರ್ ಕಂದಿಸಿದಳು. ವಕೀಲರು ಒಳ್ಳೆಯವರು, ಕೇಸು ಹಾಕಲಿಲ್ಲ.

ಡ್ರೈವರನ ಚಿಂತೆ ಬೇರೆ ದಾರಿ ಹಿಡಿದಿತ್ತು. ಮಗಳ ಮನಸ್ಸು ತಿರುಗಿಸುವುದು ಕರ್ತನ ಕೆಲಸ, ಆಲ್ಟೊ ಹುಡುಕುವುದು ತನ್ನ ಕೆಲಸ ಅಂತ ಅವನ ಲೆಕ್ಕ. ಮೊದಲು ಹೆಂಡತಿಯನ್ನು ಎರಡನೇ ದನಿಗೆ ಇಳಿಸಿದ. ಮೇಲಿನ ದನಿ ಇಲ್ಲದೆ ಹಾಡು ಬೋಳಾಯಿತು. ಆಮೇಲೆ ಅಜ್ಜಿಯನ್ನು ಎಬ್ಬಿಸಿ ನಿಲ್ಲಿಸಿದ. ಅಜ್ಜಿ ಎತ್ತರದ ಸ್ವರಕ್ಕೆ ಹೋದಾಗಲೆಲ್ಲ ಹಲ್ಲಿನ ಸೆಟ್ಟು ಟಕ್ ಟಕ್ ಎಂದು ಬೇರೆಯೇ ತಾಳ ಹಾಕತೊಡಗಿತು.

"ಸೆಟ್ಟು ಸಡಿಲ ಆಗಿದೆ ಕಣೋ," ಅಂದಳು ಅಜ್ಜಿ. "ಅವಳನ್ನ ಕರಿ, ಸರಿ ಮಾಡ್ತಾಳೆ."

"ಆಮೆನ್ ಅನ್ನು ಸಾಕು."

"ನಾನು ಆಮೆನ್ ಅನ್ನೋದು ಯಾರು ಮಾಡಿದ ಹಲ್ಲಲ್ಲಿ, ಹೇಳು ನೋಡೋಣ? ನಂಬಿಕೆ ಇಲ್ಲದೋಳು ಮಾಡಿದ ಹಲ್ಲು ಅಂತ ಕಿತ್ತು ಮೇಜಿನ ಮೇಲಿಡಲಾ?"

ಅಡುಗೆಮನೆಯಿಂದ ಗುಬ್ಬಿ ನಕ್ಕಿದ್ದು ಕೇಳಿಸಿತು. ಮಗನೂ ನಕ್ಕ. ಡ್ರೈವರ್ ಇಬ್ಬರನ್ನೂ ಗದರಿಸಲಾರದೆ ಅನ್ನದ ಪಾತ್ರೆಯನ್ನು ಗದರಿಸುವ ಹಾಗೆ ನೋಡಿದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಗಂಡಸಿಗೆ ಮೂರು ದನಿಯ ಹಾಡು ಮಾತ್ರ ಸಾಕಾಗಲಿಲ್ಲ.

ಮುಂದಿನ ವಾರ ಅವನು ಮಾಡಿದ ಕೆಲಸವನ್ನು ಕ್ವಾಯರ್ ಹುಚ್ಚಿದ್ದವನು ಬಿಟ್ಟರೆ ಬೇರೆ ಯಾರೂ ಮಾಡಲಾರರು. ಚರ್ಚಿನ ಕ್ವಾಯರಿನಿಂದ ಒಬ್ಬ ಆಲ್ಟೊವನ್ನು ಮನೆಗೇ ಕರೆದುಕೊಂಡು ಬಂದ. ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡುವ, ಒಂಟಿಯಾಗಿದ್ದ, ದಪ್ಪ ದನಿಯ ಹೆಂಗಸು. "ದಿನಾ ಸಂಜೆ ನಮ್ಮ ಜೊತೆ ಊಟಕ್ಕೆ ಬರ್ತಾರೆ. ಒಂದು ಚರಣ ಹಾಡ್ತಾರೆ," ಅಂದ. ಆಕೆ ಹಾಡಿದಳು, ಚೆನ್ನಾಗಿಯೇ ಹಾಡಿದಳು. ಕೂತಳು. ಮೊದಲ ತುತ್ತು ಬಾಯಿಗಿಟ್ಟು, "ಉಪ್ಪು ಒಂಚೂರು ಕಮ್ಮಿ ಅಲ್ವಾ?" ಅಂದಳು.

ಮರುದಿನವೂ ಉಪ್ಪು ಕಮ್ಮಿಯಾಯಿತು. ಅದರ ಮರುದಿನ ಇಸ್ತ್ರಿಯಮ್ಮ ಬೇಕೆಂದೇ ಒಂದು ಚಿಟಿಕೆ ಜಾಸ್ತಿ ಹಾಕಿದಳು. ಆಗಲೂ ಕಮ್ಮಿಯೇ. ಮಗ ಆಕೆಗೆ ಉಪ್ಪಮ್ಮ ಅಂತ ಹೆಸರಿಟ್ಟ. ಉಪ್ಪಮ್ಮನಿಗೆ ಮೇಜಿನ ಮುಂದೆ ಕುರ್ಚಿ, ಎರಡು ಸಲ ಬಡಿಸಿಕೊಳ್ಳುವ ಮರ್ಯಾದೆ. ಹೆತ್ತ ಮಗಳಿಗೆ ಒಲೆಯ ಪಕ್ಕದ ಗೋಡೆ. ಇಸ್ತ್ರಿಯಮ್ಮ ಎರಡೂ ಕಡೆ ಬಡಿಸುತ್ತಾ ಓಡಾಡಿದಳು. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ಈ ಮನೆಯಲ್ಲಿ ಉಣ್ಣುವುದಕ್ಕೇ ಜಗಳ, ಹಾಗಾಗಿ ಅದು ಮುಗಿಯುವ ಹೊತ್ತೇ ಬರುತ್ತಿರಲಿಲ್ಲ.

"ಆಕೇನ ಯಾಕ್ರೀ ಕರೆದ್ರಿ?"

"ಹಾಡು ನಿಲ್ಲಬಾರದು ಕಣೆ."

"ಮಗಳು ನಿಂತ್ಕೊಂಡು ತಿಂದ್ರೆ ಪರವಾಗಿಲ್ವಾ?"

"ಅವಳನ್ನ ನಾನು ನಿಲ್ಲಿಸಿದ್ನಾ? ಒಂದು ಚರಣ ಹಾಡಿ ಕೂತ್ಕೊಳ್ಳಲಿ. ಊರಿಗೊಂದು ದಾರಿ, ಪೋರಿಗೊಂದು ದಾರಿ ಅಂದ್ರೆ ಹೇಗೆ?"

ಹೊಸ ಸುದ್ದಿ ತಂದವಳೂ ಉಪ್ಪಮ್ಮನೇ. ಒಂದು ಸಂಜೆ ಆಲೂಗಡ್ಡೆ ನುರಿಯುತ್ತಾ, "ನಿಮ್ಮ ಮಗಳು ಭಾನುವಾರ ಬೆಳಿಗ್ಗೆ ಎಲ್ಲಿಗೆ ಹೋಗ್ತಾಳೆ ಗೊತ್ತಾ?" ಅಂತ ಇಸ್ತ್ರಿಯಮ್ಮನ ಕಿವಿಯಲ್ಲಿ ಊದಿದಳು. "ಚರ್ಚು ಬಿಟ್ಟವರೆಲ್ಲ ಒಂದು ಸಲೂನಲ್ಲಿ ಸೇರ್ತಾರಂತೆ. ಗಂಡಸರು ಹೆಂಗಸರು ಒಟ್ಟಿಗೆ ಸಿನಿಮಾ ಹಾಡು ಹಾಡ್ತಾರಂತೆ. ನಾವು ಆರಾಧನೆಯಲ್ಲಿ ಇರೋ ಹೊತ್ತಿಗೇ!"

ಆ ಭಾನುವಾರ ಇಸ್ತ್ರಿಯಮ್ಮ ತಲೆನೋವು ಅಂತ ಹೇಳಿ ಗಂಡನನ್ನು ಚರ್ಚಿಗೆ ಕಳಿಸಿದಳು. ಮದುವೆಯಾದಮೇಲೆ ಚರ್ಚು ತಪ್ಪಿಸಿದ್ದು ಹೆರಿಗೆಗೆ ಮಾತ್ರ. ಸಲೂನಿನ ವಿಳಾಸ ಹುಡುಕಿಕೊಂಡು ಹೊರಟಾಗ ಅವಳ ಮನಸ್ಸಿನಲ್ಲಿ ಸೀಸೆಗಳು, ಹೊಗೆ, ಕೆಂಪು ದೀಪ ಎಲ್ಲ ಇದ್ದವು. ಮಗಳ ರಟ್ಟೆ ಹಿಡಿದು ಎಳೆದುಕೊಂಡು ಬರುವುದು ಅಂತ ತೀರ್ಮಾನ ಮಾಡಿದ್ದಳು.

ಶಟರ್ ಅರ್ಧ ಎಳೆದಿತ್ತು. ಬಗ್ಗಿ ಒಳಗೆ ಹೋದಳು. ಗೋಡೆಯುದ್ದಕ್ಕೂ ಕನ್ನಡಿ, ಸಾಲಾಗಿ ತಿರುಗುವ ಕುರ್ಚಿ, ಬಾಚಣಿಗೆ ನೆನೆಹಾಕಿದ ಗಾಜಿನ ಲೋಟ. ಹತ್ತು ಹನ್ನೆರಡು ಜನ ಕುರ್ಚಿಗಳಲ್ಲಿ, ಬೆಂಚಿನ ಮೇಲೆ ಕೂತಿದ್ದರು. ರಾತ್ರಿ ಪಾಳಿ ಮುಗಿಸಿ ಯೂನಿಫಾರಂನಲ್ಲೇ ಬಂದಿದ್ದ ಒಬ್ಬ ನರ್ಸು. ರಿಟೈರ್ ಆದ ಒಬ್ಬ ಪೋಸ್ಟ್‌ಮ್ಯಾನ್. ಸಲೂನಿನ ಒಡತಿ ಗ್ಯಾಸ್ ಸ್ಟೌ ಮೇಲೆ ಟೀ ಕಾಯಿಸುತ್ತಿದ್ದಳು. ಗುಬ್ಬಿ ಕಿಟಕಿಯ ಹತ್ತಿರ ನಿಂತು ಕೈ ಆಡಿಸುತ್ತಿದ್ದಳು, ಥೇಟು ಅಪ್ಪನ ಹಾಗೆ. ಎಲ್ಲರೂ ಹಾಡುತ್ತಿದ್ದದ್ದು ಹಳೇ ಸಿನಿಮಾದ ಪ್ರೇಮಗೀತೆ. ಅದೂ ಇಸ್ತ್ರಿಯಮ್ಮ ತಾನೇ ಹದಿನೆಂಟರ ವಯಸ್ಸಿನಲ್ಲಿ ಕದ್ದು ಗುನುಗಿಕೊಳ್ಳುತ್ತಿದ್ದ ಹಾಡು.

"ಅಮ್ಮ!" ಗುಬ್ಬಿಯ ಕೈ ಗಾಳಿಯಲ್ಲೇ ನಿಂತಿತು.

"ಕೂತ್ಕೊಳ್ಳಿ ಅಮ್ಮ," ಅಂತ ಒಡತಿ ಒಂದು ಕುರ್ಚಿ ತಿರುಗಿಸಿ ಕೊಟ್ಟಳು. ಬೈಯಲು ಬಂದವಳು ಕೂತಳು. ಕೈಗೆ ಟೀ ಬಂತು. ಎದುರಿನ ಕನ್ನಡಿಯಲ್ಲಿ ತನ್ನ ಮುಖ ಕಂಡಿತು, ಬೈಯುವ ಮುಖವನ್ನು ಕನ್ನಡಿಯಲ್ಲಿ ನೋಡಿಕೊಳ್ಳುತ್ತಾ ಬೈಯುವುದು ಸುಲಭವಲ್ಲ.

"ಇದನ್ನ ಭಾನುವಾರ ಬೆಳಿಗ್ಗೆನೇ ಮಾಡಬೇಕಾ?" ಅಂತ ಮಾತ್ರ ಕೇಳಿದಳು.

ಪೋಸ್ಟ್‌ಮ್ಯಾನ್ ನಕ್ಕ. "ಏನ್ ಮಾಡೋದು ತಾಯಿ, ನಲವತ್ತು ವರ್ಷ ಭಾನುವಾರ ಬೆಳಿಗ್ಗೆ ಕೀರ್ತನೆ ಹಾಡಿದ ಗಂಟಲಿದು. ನಂಬಿಕೆ ಬಿಟ್ಟುಹೋಯ್ತು, ಗಂಟಲು ಎಲ್ಲಿಗೆ ಹೋಗುತ್ತೆ? ಚರ್ಚಿನ ಗಂಟೆ ಕೇಳಿದ ಕೂಡ್ಲೆ ಕೆರೆಯುತ್ತೆ. ಒಬ್ಬನೇ ಮನೇಲಿ ಹಾಡಿದ್ರೆ ಪಕ್ಕದ ಮನೆಯವರು ಏನಾಯ್ತು ಅಂತ ಬಾಗಿಲು ಬಡೀತಾರೆ."

"ನಾನು ಬಿಟ್ಟ ಮೊದಲನೇ ವರ್ಷ ಸ್ನಾನದ ಮನೇಲೂ ಹಾಡಿಲ್ಲ," ಅಂದಳು ನರ್ಸು. "ಹಾಡೆಲ್ಲ ಅವರದ್ದು, ನಂಗೆ ಹಕ್ಕಿಲ್ಲ ಅನ್ನಿಸೋದು. ಇಲ್ಲಿಗೆ ಬಂದ್ಮೇಲೆ ಬಾಯಿ ಬಿಟ್ಟೆ. ಮೊದಲ ದಿನ ಹಾಡೋ ಬದಲು ಗೊಳೋ ಅಂತ ಅತ್ತುಬಿಟ್ಟೆ, ಇವ್ರೆಲ್ಲ ಗಾಬರಿ ಆದ್ರು."

"ದೇವರಿಲ್ಲ ಅಂದ್ಮೇಲೆ ಯಾರಿಗೆ ಅಂತ ಹಾಡ್ತೀರಿ?"

"ಒಬ್ಬರಿಗೊಬ್ಬರು ಅಮ್ಮ," ಅಂದಳು ಗುಬ್ಬಿ. "ಅಷ್ಟೇ."

ಮತ್ತೆ ಹಾಡು ಶುರುವಾಯಿತು. ಇಸ್ತ್ರಿಯಮ್ಮ ಟೀ ಕುಡಿಯುತ್ತಾ ಕೇಳಿದಳು. ಪೋಸ್ಟ್‌ಮ್ಯಾನನ ದನಿ ಮೂರನೇ ಸಾಲಿನಲ್ಲಿ ಪ್ರತಿ ಸಲವೂ ಇಳಿಯುತ್ತಿತ್ತು. ಕೆಳಗೆ ಹಿಡಿದು ನಿಲ್ಲಿಸುವ ಬಾಸ್ ಇರಲಿಲ್ಲ. ಆದರೆ ಗುಬ್ಬಿ ನಗುತ್ತಿದ್ದಳು. ಮನೆಯಲ್ಲಿ ಒಲೆಯ ಪಕ್ಕ ನಿಂತು ತಿನ್ನುವಾಗ ಇಲ್ಲದ ನಗು. ಇಂಥ ಕಡೆ ಬಂದು ಮಗಳ ನಗು ಕಂಡು ತನಗೆ ಸಂತೋಷವಾಯಿತಲ್ಲ ಅಂತ ಇಸ್ತ್ರಿಯಮ್ಮನಿಗೆ ನಾಚಿಕೆಯಾಯಿತು, ಆದರೂ ಸಂತೋಷ ಸಂತೋಷವೇ.

ಏಳುವಾಗ ತಡೆಯಲಾಗಲಿಲ್ಲ. "ಮೂರನೇ ಸಾಲಲ್ಲಿ ಇಳೀತಾ ಇದೀರಿ," ಅಂದಳು. "ಅಲ್ಲಿ ಉಸಿರು ತಗೊಳ್ಬೇಡಿ." ಅಂದವಳು ತಾನೇ ಬೆಚ್ಚಿ, ಶಟರ್ ಕೆಳಗೆ ಬಗ್ಗಿ ಹೊರಗೆ ಬಂದಳು. ಮನೆಗೆ ಹೋಗಿ ಮಂಡಿಯೂರಿ ಪ್ರಾರ್ಥನೆ ಮಾಡಿದಳು. ಅವಳ ನಂಬಿಕೆ ಎಲ್ಲಿತ್ತೋ ಅಲ್ಲೇ ಇತ್ತು. ಬೇಡಿಕೊಂಡದ್ದು ಒಂದೇ, ತನ್ನ ಗಂಡನಿಗೆ ಒಂಚೂರು ಬುದ್ಧಿ ಕೊಡು ಅಂತ.

ದೇವರು ತಡ ಮಾಡಿದ. ಇಸ್ತ್ರಿಯಮ್ಮ ತಡ ಮಾಡಲಿಲ್ಲ. ಮಂಗಳವಾರ ಕೋಳಿ ಸೂಪು ಮಾಡಿದ್ದಳು. ಉಪ್ಪಮ್ಮ ಒಂದು ಚಮಚ ಕುಡಿದು ತುಟಿ ಚಪ್ಪರಿಸಿ, "ಉಪ್ಪು—" ಅಂದಳು.

ಇಸ್ತ್ರಿಯಮ್ಮ ಉಪ್ಪಿನ ಡಬ್ಬಿಯನ್ನು ಇಡೀ ತಂದು ಆಕೆಯ ಮುಂದೆ ಕುಕ್ಕಿದಳು. ತನ್ನ ತಟ್ಟೆ ಎತ್ತಿಕೊಂಡಳು.

"ಎಲ್ಲಿಗೆ ಹೊರಟೆ?" ಅಂದ ಡ್ರೈವರ್.

"ಒಲೆ ಹತ್ರ. ನನ್ನ ಮಗಳು ಎಲ್ಲಿ ಉಣ್ತಾಳೋ ನಾನೂ ಅಲ್ಲೇ ಉಣ್ತೀನಿ. ನಿಮಗೆ ಮೇಲಿನ ದನಿ ಬೇಕಾದ್ರೆ ಕ್ವಾಯರಿಂದ ಇನ್ನೊಬ್ರನ್ನ ಕರ್ಕೊಂಡು ಬನ್ನಿ."

"ಏ, ನೀನೂ ನಂಬಿಕೆ ಬಿಟ್ಯಾ?"

"ನಂಬಿಕೆ ಬಿಟ್ಟಿಲ್ಲ ಕಣ್ರೀ, ಮೇಜು ಬಿಟ್ಟೆ!"

ಮಗ ಮೇಜಿನ ಮೇಲಿನ ಸೂಪಿನ ಪಾತ್ರೆಯನ್ನೂ ಅಪ್ಪನ ಮುಖವನ್ನೂ ಒಂದೊಂದು ಸಲ ನೋಡಿದ. ಎರಡನೇ ಸಲ ಬಡಿಸಿಕೊಳ್ಳುವುದು ಇನ್ನು ಅಡುಗೆಮನೆಯಲ್ಲೇ ಅಂತ ಅರ್ಥವಾಗಿ, ಪಾತ್ರೆ ಸಮೇತ ಅಮ್ಮನ ಹಿಂದೆ ಹೋದ. ಮೇಜಿನಲ್ಲಿ ಉಳಿದದ್ದು ಡ್ರೈವರ್, ಉಪ್ಪಮ್ಮ, ಅಜ್ಜಿ.

"ನಂಗೆ ಮಂಡಿ ನೋವು. ಇಲ್ಲಾಂದ್ರೆ ನಾನೂ ಹೋಗ್ತಿದ್ದೆ," ಅಂದಳು ಅಜ್ಜಿ.

ಅಡುಗೆಮನೆ ಮೂವರಿಗೆ ಸಾಲದಷ್ಟು ಚಿಕ್ಕದು. ಮಗ ಸಿಂಕಿನ ಕಟ್ಟೆಯ ಮೇಲೆ ಹತ್ತಿ ಕೂತ, ಇಸ್ತ್ರಿಯಮ್ಮನಿಗೆ ಸ್ಟೂಲು, ಗುಬ್ಬಿಗೆ ಅವಳ ಗೋಡೆ. ಇಸ್ತ್ರಿಯಮ್ಮ ಮನಸ್ಸಿನಲ್ಲೇ ದೇವರಿಗೆ ವಂದನೆ ಹೇಳಿದಳು. ಗುಬ್ಬಿ ಅಮ್ಮನ ಕಣ್ಣು ತೆರೆಯುವವರೆಗೂ ಚಮಚ ಮುಟ್ಟದೆ ಕಾದಳು. ಆಮೇಲೆ ಮೂವರೂ ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಾಗಿಸಿಕೊಂಡು ಉಂಡರು. ವಾರಗಳ ನಂತರ ಇಸ್ತ್ರಿಯಮ್ಮನಿಗೆ ಊಟ ರುಚಿಸಿತು. ಉಪ್ಪು ಸರಿಯಾಗಿಯೇ ಇತ್ತು.

ಉಪ್ಪಮ್ಮ ಮರುದಿನದಿಂದ ಬರಲಿಲ್ಲ. ಬಡಿಸುವವರಿಲ್ಲದ ಮೇಜಿಗೆ ಯಾರು ಬರುತ್ತಾರೆ? ಡ್ರೈವರ್ ಒಬ್ಬನೇ ಎದ್ದು ನಿಂತು ಬಾಸ್ ಹಾಡುತ್ತಿದ್ದ. ಬಾಸ್ ಒಂದನ್ನೇ ಕೇಳಿದವರಿಗೆ ಅದು ಹಾಡು ಅಂತ ಹೊಳೆಯುವುದಿಲ್ಲ, ಯಾರೋ ಭಾರ ಎತ್ತುತ್ತಿದ್ದಾರೆ ಅನ್ನಿಸುತ್ತದೆ. ಅಜ್ಜಿಯಂತೂ ಆಮೆನ್ ಎಲ್ಲಿ ಹಾಕಬೇಕು ಅಂತ ತಿಳಿಯದೆ ನಡುನಡುವೆ ಮೂರು ನಾಲ್ಕು ಸಲ ಹಾಕಿ ನೋಡುತ್ತಿದ್ದಳು.

ಒಂದು ಸಂಜೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವಾಗ ಗುಬ್ಬಿ ಸಲೂನಿನ ಆ ಹಳೇ ಪ್ರೇಮಗೀತೆ ಗುನುಗಿದಳು. ಅಣ್ಣ ತಟ್ಟೆ ಒರೆಸುತ್ತಾ ತನ್ನ ದನಿ ಸೇರಿಸಿದ. ಇಸ್ತ್ರಿಯಮ್ಮ ಬಾಯಿ ಬಿಗಿಹಿಡಿದು ನೋಡಿದಳು, ಆಗಲಿಲ್ಲ. ಹದಿನೆಂಟರ ಹಾಡು ತಾನಾಗಿ ಮೇಲೆ ಬಂತು. ಮೂರು ದನಿ ಪಾತ್ರೆಗಳ ಮಧ್ಯೆ ಏಳುತ್ತಾ ಹೋಯಿತು. ಮೂರನೇ ಸಾಲಿಗೆ ಬಂದಾಗ ಗೋಡೆಯ ಆಚೆಯಿಂದ, ಖಾಲಿ ಮೇಜಿನ ಕಡೆಯಿಂದ, ನಾಲ್ಕನೆಯದು ಬಂದು ಅಡಿಯಲ್ಲಿ ನಿಂತಿತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆಚೆ ದನಿ ಥಟ್ಟನೆ ನಿಂತಿತು. ಕೆಮ್ಮು ಕೇಳಿಸಿತು.

"ಅದು ಲೋಕದ ಹಾಡು ಕಣೋ ಮಗನೇ," ಅಂದಳು ಅಜ್ಜಿ. "ನಿಂಗೆ ಬರುತ್ತಾ?"

"ಬಸ್ಸಲ್ಲಿ ರೇಡಿಯೋ ಇರುತ್ತವ್ವ. ಕಿವಿಗೆ ಬಿದ್ದಿರುತ್ತೆ," ಅಂದ ಡ್ರೈವರ್.

ಅದಾದಮೇಲೆ ಮನೆಯಲ್ಲಿ ಏನೋ ವಿಚಿತ್ರ ಶುರುವಾಯಿತು. ಡ್ರೈವರ್ ಡ್ಯೂಟಿ ಮುಗಿಸಿ ತಡವಾಗಿ ಬರತೊಡಗಿದ. ಅದೇ ದಿನಗಳಲ್ಲಿ ಗುಬ್ಬಿಯೂ ತಡ, ಮಗನೂ ತಡ. ಮೂವರೂ ಬೇರೆ ಬೇರೆ ಕಾರಣ ಹೇಳುತ್ತಿದ್ದರು, ಆದರೆ ಮೂವರ ಬಟ್ಟೆಗೂ ಬಸ್ ಡಿಪೋದ ಡೀಸೆಲ್ ವಾಸನೆ. ಬಟ್ಟೆಯ ವಾಸನೆ ಇಸ್ತ್ರಿಯಮ್ಮನಿಂದ ಮುಚ್ಚಿಡಲು ಯಾರಿಗಾಗುತ್ತದೆ? ಅಪ್ಪ ಮಗಳು ಮೇಜಿನಲ್ಲಿ ಮಾತಾಡದೆ ಡಿಪೋದಲ್ಲಿ ಜಗಳ ಆಡುತ್ತಿದ್ದಾರೆ, ಅಣ್ಣ ಬಿಡಿಸುತ್ತಿದ್ದಾನೆ ಅಂತಲೇ ಅವಳು ತಿಳಿದಳು. ಕೇಳಲು ಧೈರ್ಯ ಬರಲಿಲ್ಲ. ತಿಂಗಳು ಮುಗಿಯುತ್ತಾ ಬಂದಿತ್ತು, ಗುಬ್ಬಿ ಮಂಚದ ಕೆಳಗಿನ ಪೆಟ್ಟಿಗೆ ಎಳೆದು ಧೂಳು ಒರೆಸಿದ್ದನ್ನು ಕಣ್ಣಾರೆ ಕಂಡಿದ್ದಳು.

ತಿಂಗಳ ಕೊನೆಯ ಸಂಜೆ ಅಂಗಡಿ ಬೇಗ ಮುಚ್ಚಿ ಬಂದಳು. ಗುಬ್ಬಿಗೆ ಇಷ್ಟವಾದದ್ದನ್ನೆಲ್ಲ ಮಾಡಿದಳು. ಕೋಳಿ ಹುರಿದಳು, ಬಟಾಣಿ ಹಾಕಿ ಅನ್ನ ಮಾಡಿದಳು, ಹಾಲು ಸಕ್ಕರೆ ಕಾಯಿಸಿ ಸಿಹಿ ಮಾಡಿದಳು. ಈರುಳ್ಳಿ ಹೆಚ್ಚುವಾಗ ಧಾರಾಳವಾಗಿ ಅತ್ತಳು, ಈರುಳ್ಳಿಯ ಮೇಲೆ ಹಾಕಿದರೆ ಯಾರೂ ಕೇಳುವುದಿಲ್ಲವಲ್ಲ. ಅಜ್ಜಿ ಬಟಾಣಿ ಸುಲಿಯುತ್ತಾ ಸೊಸೆಯ ಕಡೆ ನೋಡಿ ಮುಸಿಮುಸಿ ನಗುತ್ತಿದ್ದಳು.

"ನಗ್ತೀರಲ್ಲ ಅತ್ತೆ! ಮನೆಮಗಳು ಹೊರಡ್ತಾ ಇದಾಳೆ."

"ನನ್ನ ಹಲ್ಲು ಸರಿ ಕೂತಿದೆ, ಅದಕ್ಕೆ ನಗ್ತಿದೀನಿ. ನೀನು ಕೋಳಿ ತಿರುಗಿಸು, ಸೀಯುತ್ತೆ."

ಮೆಟ್ಟಿಲ ಮೇಲೆ ಮೂರು ಜನರ ಹೆಜ್ಜೆ ಒಟ್ಟಿಗೆ ಕೇಳಿಸಿತು. ಡ್ರೈವರ್ ಯೂನಿಫಾರಂನಲ್ಲೇ ಬಂದ, ಹಿಂದೆ ಮಕ್ಕಳು. ಅವನು ನೇರ ಅಡುಗೆಮನೆಗೆ ಬಂದು, ಕಟ್ಟೆಯ ಮೇಲೆ ಗುಬ್ಬಿಗೆಂದು ಬೇರೆಯಾಗಿ ತೆಗೆದಿಟ್ಟಿದ್ದ ತಟ್ಟೆಯನ್ನು ಎತ್ತಿಕೊಂಡು ಹೋಗಿ ಮೇಜಿನ ಮೇಲೆ ಅವಳ ಜಾಗದಲ್ಲಿ ಇಟ್ಟ.

"ಗುಬ್ಬಿ, ಚರ್ಚಿಗೆ ಬರಬೇಡ," ಅಂದ. "ಬರದಿದ್ರೆ ನಂಗೆ ಬೇಜಾರು. ಅದು ಇದ್ದೇ ಇರುತ್ತೆ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಮೇಜಿಗೆ ಬಾ."

"ಹಾಡದೇನೇ?"

"ಹಾಡದೇನೇ. ನಮ್ಮದು ಮುಗಿಯೋ ತನಕ ಸುಮ್ನೆ ನಿಂತಿರು ಸಾಕು."

"ನಿಂತಿರ್ತೀನಿ ಅಪ್ಪ." ಗುಬ್ಬಿ ಅಮ್ಮನ ಕಡೆ ತಿರುಗಿದಳು. "ನಾಳೆ ನಂಗೂ ಡಬ್ಬಿ ಕಟ್ಟಮ್ಮ. ಆ ಕೋಣೆ ಬೇಡ ಅಂತ ಗೆಳತಿಗೆ ಹೇಳಿ ಬಂದೆ."

ಇಸ್ತ್ರಿಯಮ್ಮ ಕೋಳಿಯ ಪಾತ್ರೆ ಹಿಡಿದುಕೊಂಡೇ ನಿಂತಳು. ಮಗ ಅದನ್ನು ಅವಳ ಕೈಯಿಂದ ಬಿಡಿಸಿ ಮೇಜಿಗಿಟ್ಟ, ಎಲ್ಲಿ ಬೀಳುತ್ತದೋ ಅನ್ನುವ ಭಯ ಅವನಿಗೆ.

ಎಲ್ಲರೂ ಕುರ್ಚಿಯ ಹಿಂದೆ ನಿಂತರು. ದೇವರಿಗೆ ವಂದನೆಯ ಚರಣ ಮೂರು ದನಿಯಲ್ಲಿ ಎದ್ದಿತು. ಗುಬ್ಬಿ ಕೈಕಟ್ಟಿಕೊಂಡು, ತಲೆ ತಗ್ಗಿಸದೆ, ಮರ್ಯಾದೆಯಿಂದ ಕೇಳುತ್ತಾ ನಿಂತಳು. ಅಜ್ಜಿ ಆಮೆನ್ ಹೇಳಿದಳು, ಆದರೆ ಕೂರಲಿಲ್ಲ. ಇಸ್ತ್ರಿಯಮ್ಮ ಕುರ್ಚಿ ಎಳೆಯಲು ಹೋದರೆ ಡ್ರೈವರ್ ಕೈ ಅಡ್ಡ ಹಿಡಿದ.

"ನೀನು ಕೂತ್ಕೋ. ನಾವು ನಿಂತಿರ್ತೀವಿ."

"ಯಾಕ್ರೀ?"

"ದೇವರದ್ದು ಆಯ್ತು. ಈಗ ಗುಬ್ಬಿ ಬರೆದದ್ದು ಒಂದಿದೆ. ಡಿಪೋದಲ್ಲಿ ನಿಂತಿರೋ ಬಸ್ಸಲ್ಲಿ ಕೂತು ಕಲಿತಿದೀವಿ. ಸಾಹಿತ್ಯದಲ್ಲಿ ನಾನು ಕೈ ಹಾಕಿಲ್ಲ, ರಾಗ ಮಾತ್ರ ಒಂದೆರಡು ಕಡೆ ಅಧ್ವಾನ ಆಗಿತ್ತು, ಸರಿ ಮಾಡ್ದೆ."

"ಏನೂ ಅಧ್ವಾನ ಆಗಿರ್ಲಿಲ್ಲ," ಅಂದಳು ಗುಬ್ಬಿ.

"ಆಗಿತ್ತು. ಶುರು ಮಾಡು."

ಅವನು ಗಂಟಲಲ್ಲಿ ಶ್ರುತಿ ಕೊಟ್ಟ. ಗುಬ್ಬಿಯ ದನಿ ಎದ್ದಿತು, ಅದರ ಕೆಳಗೆ ಅಣ್ಣನದು, ಎಲ್ಲಕ್ಕೂ ಅಡಿಯಲ್ಲಿ ಅಪ್ಪನದು.

ಈರುಳ್ಳಿ ಹೆಚ್ಚಿ ಅತ್ತವಳೇ,
ಉರಿಯ ಮುಂದೆ ನಿಂತವಳೇ,
ಎಲ್ಲರಿಗಿಟ್ಟು ಉಳಿದರೆ ಉಂಡು
ಇಲ್ಲದಿದ್ದರೆ ನಕ್ಕವಳೇ,
ಯಾರೂ ಹೇಳದ ವಂದನೆಯ
ಇಂದು ನಿನಗೆ ಹೇಳುವೆವು.

"ಬಟಾಣಿ ಸುಲಿದ ಮುದುಕಿಗೂ!" ಅಂತ ಅಜ್ಜಿ ತನ್ನ ಪಾಲಿನ ಒಂದೇ ಸಾಲನ್ನು ಕೊನೆಯಲ್ಲಿ ಕೂಗಿ ಹೇಳಿ ಧಪ್ಪನೆ ಕೂತಳು.

ಮದುವೆಯಾಗಿ ಬಂದಂದಿನಿಂದ ಈ ಮೇಜಿನ ಮೇಲೆ ದಿನಾ ಊಟ ಇಟ್ಟವಳು ಇಸ್ತ್ರಿಯಮ್ಮ. ದಿನಾ ವಂದನೆ ಅವಳ ತಲೆಯ ಮೇಲಿಂದ ಹಾಯ್ದು ಮೇಲೆ ಹೋಗುತ್ತಿತ್ತು. ಅದರಲ್ಲಿ ತಪ್ಪಿದೆ ಅಂತ ಅವಳಿಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಅವಳೂ ಮೇಲಕ್ಕೇ ನೋಡುತ್ತಾ ಹಾಡುತ್ತಿದ್ದಳು. ಈಗ ಕಣ್ಣು ಒರೆಸಿಕೊಳ್ಳಲು ಸೆರಗು ಹುಡುಕಿದಳು, ಸಿಕ್ಕಿದ್ದು ಕೋಳಿ ಪಾತ್ರೆ ಹಿಡಿಯುವ ಮಸಿಬಟ್ಟೆ. ಅದರಲ್ಲೇ ಒರೆಸಿಕೊಂಡಳು. ಕೆನ್ನೆಗೆ ಮಸಿ ಹತ್ತಿತು. ಅವಳನ್ನು ನೋಡಿ ಮಗ ನಕ್ಕ, ಗುಬ್ಬಿ ಅತ್ತಳು, ಡ್ರೈವರ್ ಎರಡನ್ನೂ ಮಾಡಲಾರದೆ ಟೋಪಿ ತೆಗೆದು ಮತ್ತೆ ಹಾಕಿಕೊಂಡ.

"ಸರಿ, ಬಡಿಸ್ಲಾ?" ಅಂದ ಮಗ, ಕೋಳಿಯ ಕಡೆ ಕೈ ನೀಡುತ್ತಾ.

"ಇನ್ನೊಂದ್ಸಲ ಹಾಡಿ," ಅಂದಳು ಇಸ್ತ್ರಿಯಮ್ಮ.

"ಅಮ್ಮ, ಊಟ ಆರಿಹೋಗುತ್ತೆ!"

"ಆರಲಿ."